ತೊಳೆಯಬಾರದ ಸೀಸೆ

ಒಂಬತ್ತನೆಯ ತಾರೀಖು, ಶನಿವಾರ ಬೆಳಿಗ್ಗೆ

ತಂಗಿಗೆ,

ಅಕ್ಕ ಬರೆಯುತ್ತಿರುವುದು. ಈ ಕಾಗೆ ಕಾಲಿನ ಅಕ್ಷರ ನೋಡಿಯೇ ಗೊತ್ತಾಗಿರುತ್ತದೆ. ಹರಿದು ಹಾಕಬೇಡ, ಪೂರ್ತಿ ಓದು. ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ, ಮೊನ್ನೆ ಬುಧವಾರ ಕಣ್ಣಾರೆ ನೋಡಿಕೊಂಡು ಬಂದಿದ್ದೇನೆ. ಅದನ್ನು ಆಮೇಲೆ ಬರೆಯುತ್ತೇನೆ.

ಮೊದಲು ಕೆಲಸದ ಮಾತು. ನಿನ್ನ ಎದುರುಗಡೆಯ ದರ್ಜಿ ಈ ಕಾಗದದ ಜೊತೆ ಒಂದು ಗಾಜಿನ ಸೀಸೆ ಕೊಡುತ್ತಾನೆ. ಮುಚ್ಚಳದ ಮೇಲೆ ಕಂದು ಕಾಗದ ಹೊದಿಸಿ ದಾರ ಕಟ್ಟಿದೆ. ನಾನು ಹೇಳುವವರೆಗೆ ದಾರ ಬಿಚ್ಚಬೇಡ. ಎಲ್ಲಕ್ಕಿಂತ ಮುಖ್ಯ, ಅದನ್ನು ತೊಳೆಯಬೇಡ. ನಿನ್ನ ಕೈ ಸುಮ್ಮನಿರುವುದಿಲ್ಲ ಎಂದು ಗೊತ್ತು, ಅದಕ್ಕೇ ಮೊದಲ ಪುಟದಲ್ಲೇ ಬರೆದಿದ್ದೇನೆ. ಅದು ಉಗಿಯಲ್ಲಿ ಬೇಯಿಸಿ ತೆಗೆದ ಸೀಸೆ. ತಳದಲ್ಲಿ ಎರಡು ಹನಿ ಏನೋ ಕಾಣುತ್ತದೆ. ಕೊಳೆಯಲ್ಲ, ಔಷಧಿ, ಬೇಕೆಂದೇ ಹಾಕಿದ್ದು. ಮಧ್ಯದ ಪುಟಗಳನ್ನು ಓದುವಾಗ ನಿನಗೆ ಆ ಸೀಸೆಯನ್ನು ಗೋಡೆಗೆ ಬೀಸಿ ಒಗೆಯಬೇಕು ಅನ್ನಿಸಬಹುದು. ಒಗೆಯಬೇಡ. ಇನ್ನೊಂದು ತರಿಸುವಷ್ಟು ದಿನ ಇಲ್ಲ.

ಹದಿನೆಂಟನೆಯ ತಾರೀಖು ಸೋಮವಾರ ನೀರಿನ ಕಚೇರಿಯಲ್ಲಿ ಸಭೆ ಇದೆ. ಊರಿನ ಹಳೆಯ ಕಬ್ಬಿಣದ ಪೈಪುಗಳನ್ನು ಕಿತ್ತು ಹೊಸದು ಹಾಕುತ್ತಾರಂತೆ. ಹನ್ನೆರಡು ಬೀದಿಗಳ ಪಟ್ಟಿ ಮಾಡಿದ್ದಾರೆ. ಮೇಲಿನ ನಾಲ್ಕಕ್ಕೆ ಈ ವರ್ಷ ಕೆಲಸ. ಉಳಿದವರು ಆರು ವರ್ಷ ಕಾಯಬೇಕು, ಆಮೇಲೂ ನೋಡೋಣ ಅನ್ನುತ್ತಾರೆ. ನಿಮ್ಮ ಮೆಟ್ಟಿಲ ಬೀದಿ ಆ ಪಟ್ಟಿಯಲ್ಲಿ ಹನ್ನೆರಡನೆಯದು. ಕಟ್ಟಕಡೆಯದು. ಅದಕ್ಕೆ ಕಾರಣ ನಾನು.

ಈಗ ಹೇಗೆ ಎಂದು ಬರೆಯುತ್ತೇನೆ. ನೀನು ಓದುವಾಗ ಮಧ್ಯೆ ಮಧ್ಯೆ ಬೈದುಕೊಳ್ಳಬೇಡ, ಕೊನೆಗೆ ಒಟ್ಟಿಗೆ ಬೈ.

ನಾನು ನೀರಿನ ಕಚೇರಿಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಏನು ಮಾಡುತ್ತಿದ್ದೆ ಎಂದು ನೀನು ಒಮ್ಮೆಯೂ ಸರಿಯಾಗಿ ಕೇಳಿದವಳಲ್ಲ. ಜನ ಸೀಸೆ ಅಕ್ಕ ಎಂದು ಕರೆಯುತ್ತಿದ್ದರು, ಅಷ್ಟು ನಿನಗೆ ಗೊತ್ತು. ಹನ್ನೆರಡು ಗೂಡುಗಳ ಒಂದು ಮರದ ಪೆಟ್ಟಿಗೆ, ಮೇಲೊಂದು ಹಿಡಿ. ಗೂಡಿಗೊಂದು ಸೀಸೆ. ತಿಂಗಳಿಗೆ ಎರಡು ಸಲ ಊರು ಸುತ್ತಿ ಹನ್ನೆರಡು ನಲ್ಲಿಗಳಿಂದ ನೀರು ಹಿಡಿದು ತರಬೇಕು. ಒಂದನೆಯ ನಂಬರು ಲ್ಯಾಬಿನ ಹಿತ್ತಲ ನಲ್ಲಿ, ಶುದ್ಧ ಮಾಡುವ ಟ್ಯಾಂಕಿನಿಂದ ನೇರವಾಗಿ ಬರುವ ನೀರು. ಅಲ್ಲಿಂದ ಪೈಪು ಎಷ್ಟು ದೂರ ಹೋಗುತ್ತದೋ ಅಷ್ಟು ನಂಬರು ಏರುತ್ತದೆ. ಹನ್ನೆರಡನೆಯದು ನಿಮ್ಮ ಬೀದಿಯದು, ಪೈಪು ಮುಗಿಯುವ ಜಾಗ. ನಿಮಗೆ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಮಾತ್ರ ನೀರು. ಹಾಗಾಗಿ ನಂಬರಿನಲ್ಲಿ ಕೊನೆಯದಾದರೂ ತುಂಬುವಾಗ ಮೊದಲು ಅಲ್ಲಿಗೇ ಹೋಗಬೇಕು. ನೂರ ನಲವತ್ತೆರಡು ಮೆಟ್ಟಿಲು ಹತ್ತಿ, ಹಿಡಿದು, ಇಳಿದು, ಆಮೇಲೆ ಉಳಿದ ಬೀದಿಗಳು.

ಸೀಸೆಗೆ ಅಂಟಿಸುವ ಚೀಟಿಗಳನ್ನು ನಾನು ಹಿಂದಿನ ದಿನವೇ ಬರೆದಿಡುತ್ತಿದ್ದೆ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ನಿಂತುಕೊಂಡು ಬರೆದರೆ ಅಕ್ಷರ ಡೊಂಕಾಗುತ್ತಿತ್ತು. ಮೇಜಿನ ಮುಂದೆ ಕೂತು ನಿಧಾನವಾಗಿ ನಂಬರು, ಬೀದಿ, ತಾರೀಖು ಬರೆದು ಅಂಟಿಸಿಡುತ್ತಿದ್ದೆ. ಅಂದರೆ ಸೀಸೆ ಖಾಲಿ ಇರುವಾಗಲೇ ಅದರ ಮೇಲೆ ಮೆಟ್ಟಿಲ ಬೀದಿಯ ನೀರು ಎಂದು ಬರೆದಾಗಿರುತ್ತಿತ್ತು. ಅದು ತಪ್ಪಲ್ಲ, ಎಲ್ಲರೂ ಹಾಗೆಯೇ ಮಾಡುತ್ತಾರೆ. ಆದರೆ ಅದು ಮಾಡಬಾರದ್ದನ್ನು ಬಹಳ ಸುಲಭ ಮಾಡಿಬಿಡುತ್ತದೆ.

ಹದಿನಾಲ್ಕು ವರ್ಷದ ಹಿಂದೆ ನನಗೆ ಮಂಡಿ ನೋವು ಬಂತು. ಮೆಟ್ಟಿಲು ಆಗುತ್ತಿರಲಿಲ್ಲ. ಒಂದು ದಿನ ಹನ್ನೆರಡನೆಯ ಸೀಸೆಯನ್ನು ಹಿತ್ತಲ ನಲ್ಲಿಯಲ್ಲೇ ತುಂಬಿದೆ. ಒಂದನೆಯದನ್ನು ತುಂಬಿ ಮುಚ್ಚಳ ಹಾಕಿದೆ, ಹಿಂದೆಯೇ ಹನ್ನೆರಡನೆಯದು. ನಲ್ಲಿ ನಿಲ್ಲಿಸಲೂ ಇಲ್ಲ. ಎರಡು ದಿನಕ್ಕೆ ರಿಪೋರ್ಟ್ ಬಂತು, ಚೆನ್ನಾಗಿದೆ. ಆಕಾಶ ಕಳಚಿ ಬೀಳಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಹಾಗೇ ಮಾಡಿದೆ. ಆಮೇಲೆ ಅದೇ ರೂಢಿಯಾಯಿತು. ಬೇರೆ ಹತ್ತು ಬೀದಿಗಳಿಗೆ ತಪ್ಪದೆ ಹೋದೆ, ಮಳೆಯಾಗಲಿ ಜ್ವರವಾಗಲಿ. ಆ ವಿಷಯದಲ್ಲಿ ನನ್ನನ್ನು ಯಾರೂ ಬೆರಳು ತೋರಿಸಿ ಮಾತಾಡುವಂತಿಲ್ಲ. ನಿಮ್ಮ ಬೀದಿಗೆ ಮಾತ್ರ ಒಂಬತ್ತು ವರ್ಷ, ನಿವೃತ್ತಿಯಾಗುವವರೆಗೂ, ಕಾಲಿಡಲಿಲ್ಲ.

ನೀರು ತುಂಬಿದ ಸೀಸೆಗಳು ಒಂದೇ ಥರ ಕಾಣುತ್ತವೆ. ಯಾರಿಗೂ ಗೊತ್ತಾಗಲಿಲ್ಲ.

ಈಗ ನಿನಗೆ ಇನ್ನೊಂದು ನೆನಪಾಗಿರುತ್ತದೆ. ಅದಕ್ಕೆ ಬರುತ್ತೇನೆ. ಒಲೆ ಮೇಲೆ ಹಾಲಿಟ್ಟಿದ್ದೇನೆ, ನೋಡಿ ಬರುತ್ತೇನೆ.

ಅದೇ ದಿನ, ಮಧ್ಯಾಹ್ನ

ಹಾಲು ಉಕ್ಕಿತ್ತು. ಒಲೆ ಒರೆಸಿ, ಊಟ ಮಾಡಿ, ಮತ್ತೆ ಕೂತಿದ್ದೇನೆ.

ಹನ್ನೊಂದು ವರ್ಷದ ಹಿಂದೆ, ಒಂದು ಗುರುವಾರ, ನೀನು ಮನೆಯಲ್ಲೇ ನಡೆಸುತ್ತಿದ್ದ ಶಿಶುವಿಹಾರದ ಹದಿನೇಳು ಮಕ್ಕಳು ವಾಂತಿ ಭೇದಿಯಿಂದ ಮಲಗಿದವು. ಬಡಗಿಯ ಮಗಳು ಎಂಟು ದಿನ ಆಸ್ಪತ್ರೆಯಲ್ಲಿತ್ತು. ಬದುಕಿತು. ಬದುಕದೆ ಹೋಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ, ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಆ ದಿನ ಬೆಳಿಗ್ಗೆಯೇ ಲ್ಯಾಬಿನ ಹಳೆಯ ಸಾಹೇಬರು ನನ್ನನ್ನು ಕರೆದು, ತಕ್ಷಣ ಮೆಟ್ಟಿಲ ಬೀದಿಯ ನೀರು ತನ್ನಿ, ಬೇರೇನೂ ಬೇಡ, ಅದೊಂದೇ ಎಂದರು. ಒಂದು ಸೀಸೆ ಕೊಟ್ಟರು. ಹೋದೆ. ಮೆಟ್ಟಿಲ ಬುಡದವರೆಗೂ ಹೋದೆ. ಮೇಲೆ ನಿನ್ನ ಮನೆಯ ಮುಂದೆ ಜನ ಸೇರಿದ್ದರು. ಯಾರೋ ಕೂಗಾಡುತ್ತಿದ್ದರು. ಮಂಡಿ ಬೇರೆ. ನಾನು ಹಾಗೆಯೇ ವಾಪಸು ಬಂದೆ. ಹಿತ್ತಲಿಗೆ ಹೋಗಿ ಸೀಸೆ ತುಂಬಿ, ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಅದನ್ನು ಎರಡು ಕೈಯಲ್ಲಿ ಹಿಡಿದು, ಮಗುವನ್ನು ಎತ್ತಿಕೊಂಡ ಹಾಗೆ ಒಳಗೆ ತೆಗೆದುಕೊಂಡು ಹೋದರು.

ರಿಪೋರ್ಟ್ ಬಂತು. ಮೆಟ್ಟಿಲ ಬೀದಿಯ ನೀರು ಉತ್ತಮವಾಗಿದೆ.

ನೀರು ಉತ್ತಮವಾಗಿದ್ದರೆ ಮಕ್ಕಳಿಗೆ ಕಾಯಿಲೆ ಬಂದದ್ದು ಎಲ್ಲಿಂದ? ಅವರು ನಿನ್ನ ಮನೆಗೆ ಬಂದು ಕುಡಿಯುವ ನೀರಿನ ಆ ನೀಲಿ ಡ್ರಮ್ ನೋಡಿದರು. ತಳದಲ್ಲಿ ಗಸಿ ಇತ್ತು. ಪೈಪಿನಿಂದ ಬಂದ ಗಸಿ ಅದು, ನಿನಗೆ ಗೊತ್ತು, ನನಗೂ ಗೊತ್ತು. ನೀನು ಹಾಗೆಯೇ ಹೇಳಿದೆಯಂತೆ, ಕೈ ಮುಗಿದು ಹೇಳಿದೆಯಂತೆ. ಸಾಹೇಬರು ರಿಪೋರ್ಟ್ ತೋರಿಸಿದರು.

ಮಾರನೆಯ ದಿನ ಅವರು ನನ್ನನ್ನು ಕೂರಿಸಿಕೊಂಡು, ಶಿಶುವಿಹಾರದವರು ನಿಮ್ಮ ತಂಗಿ ಅಂತೆ, ಅವರು ಹೇಗೆ, ಶುಚಿಯಾಗಿ ಇರ್ತಾರಾ ಎಂದು ಕೇಳಿದರು. ನಾನು ಅಂದೆ: "ಅವಳಿಗೆ ಚಿಕ್ಕಂದಿನಿಂದ್ಲೂ ಪಾತ್ರೆ ತೊಳೆಯೋದು ಅಂದ್ರೆ ಆಗಲ್ಲ ಸಾರ್. ನೀರು ತೋರಿಸಿ ಎತ್ತಿಡ್ತಾಳೆ." ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಸಾಹೇಬರು ನಗಲಿಲ್ಲ, ಬರೆದುಕೊಂಡರು. "ಕುಡಿಯುವ ನೀರಿನ ಡ್ರಮ್ಮಿನ ಸ್ವಚ್ಛತೆಯಲ್ಲಿ ನಿರ್ಲಕ್ಷ್ಯ" ಎಂದು ಅವರು ಬರೆದ ಸಾಲು ನಿನ್ನ ಶಿಶುವಿಹಾರಕ್ಕೆ ಬೀಗ ಹಾಕಿತು. ಆ ಸಾಲಿಗೆ ಅರ್ಧ ಶಾಯಿ ನನ್ನ ಮಾತಿನದು.

ಆ ಮಾತು ನಿನ್ನವರೆಗೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಬರದಿದ್ದರೆ ಈಗ ಬಂತು.

ಸುಳ್ಳು ಮಾತು ಅದು. ಮನೆಯಲ್ಲಿ ಪಾತ್ರೆ ತೊಳೆದದ್ದು ನಾನು. ಅಮ್ಮ ಮೊದಲ ಸಲ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟು ನೀರು ಹೊತ್ತದ್ದೂ ನಾನೇ. ನೀನು ಆ ಹೊತ್ತಿಗೆ ಕ್ಲಾಸಿನಲ್ಲಿ ಕೂತಿರುತ್ತಿದ್ದೆ. ನೀನು ಪಾತ್ರೆ ಹೇಗೆ ತೊಳೆಯುತ್ತೀಯ ಎಂದು ನಾನು ಯಾವತ್ತೂ ನೋಡಿರಲೇ ಇಲ್ಲ.

ನನಗೆ ಅರವತ್ತಾದಾಗ ಕೆಲಸ ಬಿಟ್ಟೆ. ಮರದ ಪೆಟ್ಟಿಗೆ ಹೋಗಿ ಬೈಕು ಬಂತು, ಹನ್ನೆರಡು ಸೀಸೆ ಎಂಟಾಯಿತು. ನಾಲ್ಕು ಬೀದಿಗಳ ನೀರು ಸದಾ ಚೆನ್ನಾಗಿರುತ್ತದೆ, ಅದನ್ನು ಮತ್ತೆ ಮತ್ತೆ ನೋಡುವುದು ದಂಡ ಎಂದು ಕೈಬಿಟ್ಟರು. ಆ ನಾಲ್ಕರಲ್ಲಿ ಮೊದಲನೆಯದು ನಿಮ್ಮದು. ಐದು ವರ್ಷದಿಂದ ಸುಳ್ಳು ಸೀಸೆಯೂ ಹೋಗಿಲ್ಲ.

ಭಾನುವಾರ

ನಿನ್ನೆ ಕೈ ನೋಯಿತು, ನಿಲ್ಲಿಸಿದೆ.

ಇಷ್ಟು ದಿನ ಸುಮ್ಮನಿದ್ದವಳು ಈಗ ಏಕೆ ಬಾಯಿ ಬಿಟ್ಟೆ ಎಂದು ಕೇಳುತ್ತೀಯ. ಎರಡು ವಾರದ ಹಿಂದೆ ಲ್ಯಾಬಿಗೆ ಹೊಸದಾಗಿ ಬಂದಿರುವ ಹುಡುಗಿ ನನ್ನ ಮನೆ ಹುಡುಕಿಕೊಂಡು ಬಂದಳು. ಕನ್ನಡಕ, ಹೆಗಲಿಗೊಂದು ಚೀಲ, ಕೈಯಲ್ಲಿ ಸುರುಳಿ ಸುತ್ತಿದ ದೊಡ್ಡ ಹಾಳೆ. ಅಜ್ಜಿ ಅಂದಳು. ನಾನು ನಿನ್ನ ಅಜ್ಜಿಯಲ್ಲ, ಮೊದಲು ಕಾಲೊರೆಸಿಕೊಂಡು ಒಳಗೆ ಬಾ ಅಂದೆ. ಒರೆಸಿಕೊಂಡು ಬಂದಳು. ನೆಲದ ಮೇಲೆ ಹಾಳೆ ಬಿಡಿಸಿ ನಾಲ್ಕು ಮೂಲೆಗೆ ನನ್ನ ನಾಲ್ಕು ಲೋಟ ಇಟ್ಟಳು.

ಹಾಳೆಯ ತುಂಬ ಗೆರೆ. ಟ್ಯಾಂಕಿನಲ್ಲಿ ಹಾಕಿದ ಕ್ಲೋರಿನ್ ಪೈಪಿನಲ್ಲಿ ದೂರ ಹೋದಷ್ಟೂ ಕಡಿಮೆಯಾಗುತ್ತಾ ಹೋಗುತ್ತದಂತೆ. ಒಂದನೆಯ ನಂಬರಿನಿಂದ ಹನ್ನೊಂದರವರೆಗೆ ಗೆರೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತಿತ್ತು. ಹನ್ನೆರಡರಲ್ಲಿ ಮಾತ್ರ ಎಗರಿ ಮೇಲೆ ನಿಂತಿತ್ತು, ಒಂದನೆಯದಕ್ಕೆ ಸರಿಸಮ. ಒಂಬತ್ತು ವರ್ಷ, ಪ್ರತಿ ತಿಂಗಳು.

ಅವಳು ಅಂದಳು: "ಆ ಬೀದಿ ಪೈಪಲ್ಲಿ ಏನೋ ವಿಶೇಷ ಇದೆ ಅಜ್ಜಿ. ಏನು ಅಂತ ಗೊತ್ತಾದ್ರೆ ಬೇರೆ ಬೀದಿಗೂ ಹಾಗೇ ಮಾಡಬಹುದು. ನೀವೇ ಅಲ್ವಾ ಅಷ್ಟು ವರ್ಷ ಅಲ್ಲಿಗೆ ಹೋಗ್ತಿದ್ದಿದ್ದು, ಸ್ವಲ್ಪ ಹೇಳಿಕೊಡಿ."

ಅವಳು ಅನುಮಾನ ಪಟ್ಟುಕೊಂಡು ಬಂದಿದ್ದರೆ ನಾನು ಜಗಳ ತೆಗೆದು ಓಡಿಸಿಬಿಡುತ್ತಿದ್ದೆ. ಅವಳು ಖುಷಿಯಾಗಿ ಬಂದಿದ್ದಳು. ಕಲಿಯೋಕೆ ಬಂದಿದ್ದಳು. ಆ ಬೀದಿ ಜನ ಪುಣ್ಯವಂತರು, ಅಷ್ಟೇ ನನಗೆ ಗೊತ್ತಿರೋದು ಅಂದೆ. ನಕ್ಕಳು. ಹೋಗುವಾಗ, ಈ ಲೆಕ್ಕ ಇಟ್ಟುಕೊಂಡೇ ಹೊಸ ಪೈಪಿನ ಪಟ್ಟಿ ಮಾಡಿದ್ದಾರೆ, ಆ ಬೀದಿಯನ್ನು ಕೊನೆಗೆ ಹಾಕಿದ್ದಾರೆ, ಅಲ್ಲಿಗೆ ಸದ್ಯಕ್ಕೆ ಬೇಕಾಗಿಲ್ಲವಲ್ಲ ಎಂದು ಹೇಳಿ ಲೋಟಗಳನ್ನು ಎತ್ತಿಟ್ಟು ಹೋದಳು.

ಹತ್ತು ದಿನ ನಾನು ಏನೂ ಮಾಡಲಿಲ್ಲ. ಅದನ್ನೂ ಬರೆದುಬಿಡುತ್ತೇನೆ. ಹತ್ತು ದಿನ ಉಂಡೆ, ಮಲಗಿದೆ, ಪಕ್ಕದ ಮನೆಯವಳ ಜೊತೆ ಕಸದ ಬುಟ್ಟಿಯ ವಿಷಯಕ್ಕೆ ಜಗಳವಾಡಿದೆ.

ಬುಧವಾರ ಬೆಳಿಗ್ಗೆ ಎದ್ದು ನಿಮ್ಮ ಬೀದಿಗೆ ಬಂದೆ. ನೂರ ನಲವತ್ತೆರಡು ಮೆಟ್ಟಿಲು, ಎಣಿಸಿಕೊಂಡೇ ಹತ್ತಿದೆ, ಎಲ್ಲೂ ನಿಲ್ಲಲಿಲ್ಲ. ದರ್ಜಿಯ ಅಂಗಡಿಯೊಳಗೆ, ನೇತುಹಾಕಿದ ಬಟ್ಟೆಗಳ ಹಿಂದೆ, ಒಂದು ಸ್ಟೂಲಿನ ಮೇಲೆ ಕೂತೆ. ಅವನು ನನ್ನ ಗುರುತು ಹಿಡಿದ. ಏನಮ್ಮಾ, ದಾರಿ ತಪ್ಪಿ ಬಂದ್ರಾ ಅಂದ. ಬಾಯಿ ಮುಚ್ಚಿಕೊಂಡು ಹೊಲಿ ಅಂದೆ.

ಏಳೂ ಕಾಲಿಗೆ ನಲ್ಲಿಯಲ್ಲಿ ನೀರು ಬಂತು. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿದ್ದರು, ನಾಲ್ಕು ಪದರ. ಹೆಂಗಸರು ಮೊದಲ ಎರಡು ಬಕೆಟ್ ತುಂಬಿ ನೇರವಾಗಿ ಚರಂಡಿಗೆ ಸುರಿದರು. ಯಾರೂ ಒಳಗೆ ನೋಡಲೂ ಇಲ್ಲ, ಮೂಗೂ ಮುರಿಯಲಿಲ್ಲ. ಮೂರನೆಯದನ್ನು ಒಬ್ಬಳು ಬೆಳಕಿಗೆ ಹಿಡಿದು ನೋಡಿ, ಸರಿ ಎಂದು ತಲೆಯಾಡಿಸಿದಳು. ಆಮೇಲೆ ಸಾಲು ಮುಂದೆ ಹೋಯಿತು. ಮುದುಕರು, ಬಸುರಿಯರು, ಅವಸರದಲ್ಲಿ ಕೆಲಸಕ್ಕೆ ಹೊರಟವರು, ಎಲ್ಲರಿಗೂ ಅದು ಎದ್ದು ಹಲ್ಲುಜ್ಜಿದಷ್ಟು ಮಾಮೂಲು.

ಯಾರಿಗೂ ದೂರು ಕೊಡಲಿಲ್ಲವಾ ಎಂದು ದರ್ಜಿಯನ್ನು ಕೇಳಿದೆ. ಅವನು ಬಾಯಲ್ಲಿದ್ದ ಸೂಜಿ ತೆಗೆದು ಅಂದ: "ಕೊಟ್ವಿ. ಹೋದಾಗೆಲ್ಲ ರಿಪೋರ್ಟ್ ತೆಗೆದು ತೋರಿಸ್ತಾರೆ. ರಿಪೋರ್ಟಲ್ಲಿ ನಾವು ಊರಿಗೇ ಫಸ್ಟ್. ಫಸ್ಟ್ ಬಂದವರಿಗೆ ಯಾರಮ್ಮಾ ಟ್ಯೂಷನ್ ಕೊಡ್ತಾರೆ?"

ನಾನು ನೇತುಹಾಕಿದ ಬಟ್ಟೆ ಸರಿಸಿ ಹೊರಗೆ ನೋಡಿದೆ.

ಸಾಲು ಕರಗಿದ ಮೇಲೆ ನೀನು ಹೊರಗೆ ಬಂದೆ. ಆ ನೀಲಿ ಡ್ರಮ್ಮನ್ನು ಉರುಳಿಸಿಕೊಂಡು ಬಂದೆ. ಬೀದಿಯ ಮಧ್ಯೆ ಮಲಗಿಸಿ, ಸೊಂಟದವರೆಗೆ ಒಳಗೆ ಹೋಗಿ ಉಜ್ಜಲು ಶುರು ಮಾಡಿದೆ. ತಲೆ ಕಾಣುತ್ತಿರಲಿಲ್ಲ, ಬ್ರಷ್ಷಿನ ಸದ್ದು ಮಾತ್ರ. ಗಡಿಯಾರ ನೋಡಿದೆ, ಇಪ್ಪತ್ತೈದು ನಿಮಿಷ. ಇವಳ ಮನೆಯಲ್ಲಿ ಈಗ ಇರೋದು ಇವಳೊಬ್ಬಳೇ, ಇಷ್ಟು ದೊಡ್ಡ ಡ್ರಮ್ ಯಾಕೆ ಅಂದೆ. ದರ್ಜಿ ಅಂದ, ಹನ್ನೊಂದು ವರ್ಷದಿಂದ ದಿನಾ ಹೀಗೇ, ಎಲ್ಲರಿಗೂ ಕಾಣೋ ಹಾಗೆ ಬೀದಿಗೇ ತಂದು ಉಜ್ತಾರೆ, ಬೇಡ ಅಂದ್ರೆ ಕೇಳಲ್ಲ. ನೀನು ಡ್ರಮ್ ಎತ್ತಿ ನಿಲ್ಲಿಸಿದಾಗ ಒಳಗಡೆ ಕಂಡಿತು. ನೀಲಿ ಸವೆದು ಬೆಳ್ಳಗಾಗಿತ್ತು.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ತೀರಿಸುವುದೆಂದು ತಿಳಿಯದೆ ದರ್ಜಿ ಕೊಟ್ಟ ಟೀ ಸಪ್ಪೆ ಎಂದು ಅವನಿಗೆ ಬೈದು ಇಳಿದು ಬಂದೆ.

ಶುಕ್ರವಾರ ಲ್ಯಾಬಿಗೆ ಹೋಗಿ ಆ ಹುಡುಗಿಗೆ ಎಲ್ಲ ಹೇಳಿದೆ. ನಿಂತುಕೊಂಡೇ ಹೇಳಿದೆ. ಅವಳು ಮೊದಲು ನಂಬಲಿಲ್ಲ, ಆಮೇಲೆ ಹಾಳೆ ತೆಗೆದು ನೋಡಿದಳು, ಆಮೇಲೆ ನಂಬಿದಳು. ಒಂಬತ್ತು ವರ್ಷಾನಾ ಅಂದಳು. ಬೆರಳು ಮಡಿಸಿ ಲೆಕ್ಕ ಹಾಕಿದಳು, ಇನ್ನೂರ ಹದಿನಾರು ಸೀಸೆ. ಇನ್ನೂರ ಹದಿನೇಳು, ಮಕ್ಕಳು ಮಲಗಿದ ದಿನದ್ದೂ ಸೇರಿಸು ಅಂದೆ. ಆಗ ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಬಹಳ ಹೊತ್ತು ಹಾಕಿಕೊಳ್ಳಲಿಲ್ಲ.

ನಾನು ಹೇಳಿಕೆ ಬರೆದುಕೊಟ್ಟೆ. ಅದೊಂದೇ ಸಾಲದು ಅಂದಳು. ತಂಗಿ ಬೀದಿಗೆ ಪೈಪ್ ಕೊಡಿಸೋಕೆ ಮುದುಕಿ ಕಥೆ ಕಟ್ತಿದ್ದಾಳೆ ಎಂದು ಸಭೆಯಲ್ಲಿ ತಳ್ಳಿಹಾಕುತ್ತಾರಂತೆ. ಅವರ ಕೈಗೆ ಹೊಸ ರಿಪೋರ್ಟ್ ಕೊಡಬೇಕು. ಪರೀಕ್ಷೆಯ ಪಟ್ಟಿಯಿಂದ ಬಿಟ್ಟುಹೋದ ಬೀದಿಗೆ ಲ್ಯಾಬಿನವರು ತಾವಾಗಿ ಹೋಗಬೇಕಾದರೆ ಮೇಲಿನವರ ಅಪ್ಪಣೆ ಬೇಕು, ಅದು ಬರುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಆದರೆ ಬೀದಿಯಲ್ಲಿ ವಾಸವಿರುವವರೇ ನೀರು ತಂದು ಪರೀಕ್ಷೆ ಮಾಡಿ ಎಂದರೆ ಇಲ್ಲ ಅನ್ನುವಂತಿಲ್ಲ, ಅದು ನಿಯಮ.

ಹಾಗಾದರೆ ಕೊಡು, ನಾನೇ ಹೋಗಿ ತುಂಬಿಸಿ ಯಾರದಾದರೂ ಸಹಿ ಹಾಕಿಸಿ ತರುತ್ತೇನೆ ಅಂದೆ. ಅವಳು ನನ್ನ ಮುಖ ನೋಡಿ, ಬೇಡ ಅಂದಳು. ಅಷ್ಟೇ. ಇಪ್ಪತ್ತಾರು ವರ್ಷ ಸೀಸೆ ಹಿಡಿದ ಕೈ ಇದು.

ಮತ್ತೆ ಯಾರು ಎಂದು ಕೇಳಿದಳು. ನಿನ್ನ ಹೆಸರು ಹೇಳಿದೆ. ಅವಳು ಮುಟ್ಟಿದ ಕೆಲಸದಲ್ಲಿ ಕೊಳೆ ಇರಲ್ಲ ಎಂದು ಹೇಳಿದೆ. ಹನ್ನೊಂದು ವರ್ಷ ತಡವಾಗಿ, ಅದೇ ಕಟ್ಟಡದಲ್ಲಿ, ಅದೇ ಕೋಣೆಯಲ್ಲಿ. ಈ ಸಲ ಯಾರೂ ನಗಲಿಲ್ಲ.

ಈಗ ಸರಿಯಾಗಿ ಓದಿಕೋ. ಮಂಗಳವಾರ ಬೆಳಿಗ್ಗೆ ತುಂಬಬೇಕು, ಮುಂದಕ್ಕೆ ಹಾಕಬೇಡ. ಕ್ರಿಮಿ ಬೆಳೆಸಿ ನೋಡಲು ಅವರಿಗೆ ಎರಡು ದಿನ ಬೇಕು, ಶುಕ್ರವಾರಕ್ಕೆ ರಿಪೋರ್ಟ್ ಕೈಗೆ ಬಂದರೆ ಸೋಮವಾರದ ಸಭೆಗೆ ಹೋಗುತ್ತದೆ.

ಕೈಯನ್ನು ಸೋಪು ಹಾಕಿ ತೊಳೆ. ನಲ್ಲಿಗೆ ಕಟ್ಟಿದ ಬಟ್ಟೆ ಬಿಚ್ಚು. ದರ್ಜಿಯ ಕೈಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಕಳಿಸಿದ್ದೇನೆ, ಇಕ್ಕಳದಲ್ಲಿ ಹಿಡಿದು ಬೆಂಕಿ ಹಚ್ಚಿ ನಲ್ಲಿಯ ಬಾಯಿಯನ್ನು ಒಳಗೂ ಹೊರಗೂ ಸುಡು. ಆಮೇಲೆ ನಲ್ಲಿ ತಿರುಗಿಸಿ ಎರಡು ನಿಮಿಷ ಸುಮ್ಮನೆ ಹರಿಯಲು ಬಿಡು. ಮೊದಲ ನೀರನ್ನೇ ಹಿಡಿದರೆ ನಲ್ಲಿಯ ಕೊಳೆ ಎಂದು ಕೈತೊಳೆದುಕೊಳ್ಳುತ್ತಾರೆ. ಸುಟ್ಟು, ಹರಿಸಿದ ಮೇಲೂ ಕೆಟ್ಟಿದ್ದರೆ ಅದು ಪೈಪಿನದೇ, ಜಾರಿಕೊಳ್ಳಲು ದಾರಿಯಿಲ್ಲ. ಆ ಪೈಪು ಮೆಟ್ಟಿಲ ಬುಡದಲ್ಲಿ ಚರಂಡಿಯ ಕೆಳಗೆ ಹಾದು ಬರುತ್ತದೆ. ನೀರು ನಿಂತ ಮೇಲೆ ಖಾಲಿ ಪೈಪು ಸುತ್ತಲಿನದನ್ನು ಒಳಗೆಳೆದುಕೊಳ್ಳುತ್ತದೆ. ನಾನು ಇದನ್ನು ಇಪ್ಪತ್ತು ವರ್ಷದ ಹಿಂದೆಯೇ ಒಂದು ಸಲ ಸಾಹೇಬರಿಗೆ ಹೇಳಿದ್ದೆ. ಆಗ ನಾನು ಮೆಟ್ಟಿಲು ಹತ್ತುತ್ತಿದ್ದೆ.

ನೀರು ಹರಿಯುತ್ತಿರುವಾಗ ಸೀಸೆಯ ದಾರ ಬಿಚ್ಚು. ಮುಚ್ಚಳವನ್ನು ಎಲ್ಲೂ ಇಡಬೇಡ, ಕಿರುಬೆರಳಿನಲ್ಲಿ ಸಿಕ್ಕಿಸಿಕೊಂಡಿರು. ಒಳಗೆ ಬೆರಳು ತಾಗಬಾರದು. ಒಂದೇ ಸಲಕ್ಕೆ ತುಂಬು, ಕುತ್ತಿಗೆಯ ಹತ್ತಿರ ಒಂದು ಬೆರಳಗಲ ಖಾಲಿ ಬಿಡು. ತುಂಬಿ ಚೆಲ್ಲಿ ಮತ್ತೆ ತುಂಬುವುದು ಬೇಡವೇ ಬೇಡ. ತಳದಲ್ಲಿರುವ ಆ ಹನಿ ಯಾಕೆಂದು ಈಗ ಹೇಳುತ್ತೇನೆ. ನೀರಿನಲ್ಲಿ ಚೂರುಪಾರು ಕ್ಲೋರಿನ್ ಉಳಿದಿದ್ದರೆ ದಾರಿಯಲ್ಲೇ ಕ್ರಿಮಿಗಳನ್ನು ಕೊಂದುಬಿಡುತ್ತದೆ, ಲ್ಯಾಬಿಗೆ ಬರುವಾಗ ನೀರು ಒಳ್ಳೆಯದಾಗಿರುತ್ತದೆ. ಆ ಹನಿ ಅದನ್ನು ತಡೆಯುತ್ತದೆ. ನೀನು ಅಭ್ಯಾಸಬಲದಿಂದ ಸೀಸೆ ತೊಳೆದೆಯೋ, ನಿಮ್ಮ ಬೀದಿ ಮತ್ತೆ ಊರಿಗೇ ಫಸ್ಟ್ ಬಂದುಬಿಡಬಹುದು. ಅದಕ್ಕೇ ಮೊದಲ ಪುಟದಲ್ಲೇ ಬರೆದದ್ದು.

ಒದ್ದೆ ಬಟ್ಟೆ ಸುತ್ತಿ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಒಂಬತ್ತರ ಬಸ್ಸಿಗೆ ಹತ್ತು. ಲ್ಯಾಬಿನಲ್ಲಿ ಆ ಹುಡುಗಿಯ ಕೈಗೇ ಕೊಟ್ಟು ಸಹಿ ಹಾಕು. ಬೇರೆ ಯಾರಾದರೂ ಇಸಿದುಕೊಳ್ಳಲು ಬಂದರೆ ಬಿಡಬೇಡ. ಚೀಟಿ ನಾನು ಬರೆದು ಅಂಟಿಸಿಲ್ಲ. ಖಾಲಿ ಸೀಸೆಗೆ ಇನ್ನು ಚೀಟಿ ಅಂಟಿಸುವುದಿಲ್ಲ. ತುಂಬಿದ ಮೇಲೆ ನೀನೇ ಬರೆ.

ನನ್ನ ಹೇಳಿಕೆಯ ಇನ್ನೊಂದು ಪ್ರತಿ ಇದರ ಜೊತೆಗಿದೆ. ಎರಡು ಪುಟ. ಹಿತ್ತಲ ನಲ್ಲಿ, ಇನ್ನೂರ ಹದಿನೇಳು ಸೀಸೆ, ಮಕ್ಕಳು ಮಲಗಿದ ದಿನ, ಸಾಹೇಬರ ಮುಂದೆ ನಿನ್ನ ಬಗ್ಗೆ ಆಡಿದ ಮಾತು, ಎಲ್ಲ ಇದೆ. ಕಾರಣ ಮಂಡಿ ನೋವು ಎಂದಿದೆ. ಕೆಳಗೆ ನನ್ನ ಸಹಿ ಇದೆ. ಅದನ್ನು ದರ್ಜಿಯ ಅಂಗಡಿಯ ಗೋಡೆಗೆ, ಬೀದಿಗೆ ಕಾಣುವ ಹಾಗೆ ಅಂಟಿಸು. ಓದಲು ಬಾರದವರಿಗೆ ದರ್ಜಿ ಓದಿ ಹೇಳಲಿ, ಅವನಿಗೆ ಬಾಯಿ ಜೋರು. ಬಡಗಿಯ ಮನೆಯವರಿಗೆ ಮಾತ್ರ ನೀನೇ ತೆಗೆದುಕೊಂಡು ಹೋಗಿ ತೋರಿಸು. ಕಚೇರಿಯವರು ನನಗೆ ಏನು ಮಾಡುತ್ತಾರೋ ಮಾಡಲಿ, ಅದು ನಿನಗೆ ಬೇಡದ ವಿಷಯ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದು ಹಾಕಿದ್ದೇನೆ, ಹಿಂದಿನ ಪುಟದಲ್ಲಿ ಕಾಣುತ್ತದೆ. ಆ ಮಾತನ್ನು ಕಾಗದದಲ್ಲಿ ಬರೆಯುವುದು ಸುಲಭ, ಅದಕ್ಕೇ ಬೇಡ. ಸೋಮವಾರದ ಸಭೆಗೆ ನಾನೂ ಬರುತ್ತೇನೆ. ಹಿಂದಿನ ಬೆಂಚಿನಲ್ಲಿ ಕೂತಿರುತ್ತೇನೆ. ನೀನು ಮಾತಾಡಿಸಬೇಕಾಗಿಲ್ಲ.

ಆ ಡ್ರಮ್ಮನ್ನು ಇನ್ನು ಉಜ್ಜಬೇಡ. ತೂತು ಬೀಳುತ್ತದೆ.

ನಿನ್ನ ಅಕ್ಕ

ಮರೆತದ್ದು: ಕಾಗದ ಮಡಿಸಿಟ್ಟು ಮತ್ತೆ ಬಿಚ್ಚಿದ್ದೇನೆ. ನನಗೆ ಮಂಡಿ ನೋವಿಲ್ಲ. ಯಾವತ್ತೂ ಇರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ, ಅಮ್ಮನ ಕೊನೆಯ ದಿನ, ಡಾಕ್ಟರು ಬರೆದುಕೊಟ್ಟ ಔಷಧಿ ಚೀಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಅಷ್ಟು ಜನರ ಎದುರು, ಕೊಡಿಲ್ಲಿ, ಅಕ್ಕನಿಗೆ ಓದೋಕೆ ಬರಲ್ಲ ಅಂದೆಯಲ್ಲ. ಅದರ ಮರುವಾರ ಬೀದಿ ಸುತ್ತಿ ನೀರು ಹಿಡಿಯುವ ದಿನ ಬಂತು. ಹನ್ನೆರಡನೆಯ ನಲ್ಲಿ ಇರುವುದು ನಿನ್ನ ಕಿಟಕಿಯ ಕೆಳಗೆ. ನಿನ್ನ ಮುಖ ನೋಡಬಾರದು ಎಂದು ಹತ್ತಲಿಲ್ಲ. ಕಾರಣ ಅಷ್ಟೇ, ಅದಕ್ಕಿಂತ ದೊಡ್ಡದೇನೂ ಇಲ್ಲ. ಲ್ಯಾಬಿಗೆ ಕೊಟ್ಟ ಪ್ರತಿಯಲ್ಲಿ ಆ ಸಾಲನ್ನು ನಾಳೆ ನಾನೇ ಹೋಗಿ ಸರಿಮಾಡುತ್ತೇನೆ. ಗೋಡೆಗೆ ಅಂಟಿಸುವ ಪ್ರತಿಯಲ್ಲಿ ನೀನು ತಿದ್ದು. ನಿನ್ನ ಅಕ್ಷರ ದುಂಡಗಿದೆ, ಎಲ್ಲರಿಗೂ ಓದೋಕೆ ಬರುತ್ತದೆ.